ಅಗೆಯದೆ ನೆಲದೊಳಗೆ ನೋಡುವ ಯಂತ್ರ



ಕಾಳಿನ ಚೀಲ ಬಿಚ್ಚದೆ ಒಳಗಿನ ಮಾಲು ಹೇಗಿದೆ ಎಂದು ತಿಳಿಯಲು ನಮ್ಮ ಅಡತಿ ಅಂಗಡಿಗಳಲ್ಲಿ ಒಂದು ಸಣ್ಣ ಸಾಧನವಿರುತ್ತದೆ. ತುದಿ ಚೂಪಾದ, ಒಂದು ಬದಿ ತೆರೆದ ಕಬ್ಬಿಣದ ಕೊಳವೆ. ಚೀಲದ ಹೊಟ್ಟೆಗೆ ಚುಚ್ಚಿ ಎಳೆದರೆ ಹಿಡಿಯಷ್ಟು ಕಾಳು ಅಂಗೈಗೆ ಬರುತ್ತದೆ. ನಮ್ಮ ತೀರ್ಥರೂಪರು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಚುಚ್ಚಿ ನೋಡದೆ ಯಾವ ಸೌದಾ ಮುಗಿಸುತ್ತಿರಲಿಲ್ಲ. ತೊಗರಿಗೆ ಇಷ್ಟು ಪರೀಕ್ಷೆ ಮಾಡುವ ಮನೆತನದ ನಾವು ಭೂಮಿ ಕೊಳ್ಳುವಾಗ ಮಾತ್ರ ಒಂದು ಬಣ್ಣದ ಕಾಗದ ನೋಡಿ ತಲೆದೂಗಿದೆವು. ಈ ತಿಂಗಳು ಆ ಕತೆಯನ್ನೂ, ಅದರಿಂದ ನಾವು ಕಲಿತ ವಿಜ್ಞಾನದ ನಾಲ್ಕು ಮಾತನ್ನೂ ಹೇಳುತ್ತೇವೆ.

2022ರ ದೀಪಾವಳಿ ಮುಗಿದ ಮೇಲೆ ನಮ್ಮ ತಮ್ಮನ ಮಗ ಅಕ್ಕಲಕೋಟೆಯ ಹತ್ತಿರ ರಸ್ತೆಗೆ ಹೊಂದಿದ, ಎನ್.ಎ. ಆದ ಅರ್ಧ ಎಕರೆ ಜಾಗ ನೋಡಿದ. ಗೋದಾಮು ಕಟ್ಟುವ ಆಸೆ. ಬ್ಯಾಂಕಿನ ಸಾಲವೂ ಮಂಜೂರಾಗಿತ್ತು. ಜಾಗದ ಯಜಮಾನರು ನಮಗಿಂತ ಹತ್ತು ವರ್ಷ ಹಿರಿಯ ರೈತರು. ಮೊದಲ ದಿನವೇ ನಮ್ಮೆದುರು, "ಸಾವಕಾರ್ರ, ಇದು ಎರಿ ಅದ. ಆಳ ಅದ. ಗಟ್ಟಿ ನೆಲ ಭಾಳ ಕೆಳಗ ಸಿಗತದ" ಎಂದರು. ಮಾರುವವರು ತಮ್ಮ ಮಾಲಿನ ಕೊರತೆಯನ್ನು ತಾವೇ ಹೇಳಿದಾಗ ಅದರ ಬೆಲೆ ತಿಳಿಯಬೇಕಿತ್ತು. ನಮಗೆ ತಿಳಿಯಲಿಲ್ಲ.

ಹುಡುಗ ಕಾಲಕ್ಕೆ ತಕ್ಕವನು. "ಕಾಕಾ, ಈಗ ಅಗಿಯೂದು ಬ್ಯಾಡ. ಮಷೀನ್ ಹಚ್ಚಿ ನೋಡಿದ್ರ ಒಳಗಿಂದೆಲ್ಲಾ ಕಾಣತದ" ಎಂದ. ಅಗೆಯುವುದು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದೆಂದು ನಂಬಿದ ಮನೆ ನಮ್ಮದು. ಮಾತು ಹಿಡಿಸಿತು. ದೊಡ್ಡ ಊರಿನಿಂದ ಒಬ್ಬರು ಯಂತ್ರ ತಂದರು. ಮಕ್ಕಳ ತಳ್ಳುಗಾಡಿಯಂತಹ ನಾಲ್ಕು ಚಕ್ರದ ಗಾಡಿ. ಕೆಳಗೆ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಒಂದು ಪೆಟ್ಟಿಗೆ, ಮೇಲೆ ಚಿಕ್ಕ ಪರದೆ. ಕೂರಿಗೆ ಹೊಡೆದಂತೆ ಸಾಲು ಸಾಲಾಗಿ ಜಾಗವೆಲ್ಲ ತಳ್ಳಿಕೊಂಡು ನಡೆದರು. ಒಂದು ತಾಸಿನಲ್ಲಿ ಕೆಲಸ ಮುಗಿಯಿತು. ಎರಡು ದಿನದ ಮೇಲೆ ಕೆಂಪು, ಹಳದಿ, ನೀಲಿ ಅಲೆಗಳಿದ್ದ ಕಾಗದ ಬಂತು. ಅದರಲ್ಲಿ ಒಂದು ಗೆರೆಗೆ ಬಾಣದ ಗುರುತು ಹಾಕಿ, 8 ಅಡಿಗೆ ಗಟ್ಟಿ ಕಲ್ಲು ಎಂದು ಬರೆದಿದ್ದರು. ನಾವು ಕನ್ನಡಕ ಹಾಕಿಕೊಂಡು ನೋಡಿದೆವು. ಏನೂ ತಿಳಿಯಲಿಲ್ಲವಾದ್ದರಿಂದ ಬಹಳ ದೊಡ್ಡ ವಿದ್ಯೆಯಿರಬೇಕು ಎಂದುಕೊಂಡು ಒಪ್ಪಿಗೆ ಕೊಟ್ಟೆವು. 8 ಅಡಿಯ ಪಾಯದ ಲೆಕ್ಕ ಹಾಕಿ ಸಂಚಕಾರ ಕೊಟ್ಟದ್ದಾಯಿತು.

ಕಟ್ಟಡದ ಗುತ್ತಿಗೆದಾರರು ಹಳೆಯ ಅನುಭವಸ್ಥರು. ಒಂದು ಗುಂಡಿ ತೋಡಿ ಕಣ್ಣಿನಿಂದ ನೋಡದೆ ಕೆಲಸ ಹಿಡಿಯುವುದಿಲ್ಲ ಎಂದರು. ಜೆ.ಸಿ.ಬಿ. ಬಂತು. 3 ಅಡಿಗೆ ಸುಣ್ಣದ ಹರಳುಗಳ ಒಂದು ಪದರು, ಗೇಣುದ್ದ ದಪ್ಪ. ಅದರ ಕೆಳಗೆ ಮತ್ತೆ ಅದೇ ಕರಿ ಎರೆಮಣ್ಣು. 8 ಅಡಿಗೆ ಹೋದರೂ ಕಲ್ಲಿಲ್ಲ. 13 ಅಡಿಗೆ ಮುರುಮು ಹತ್ತಿತು.

ಎರೆಯಲ್ಲಿ ಕಟ್ಟಡ ಕಟ್ಟಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಕಾಲು ಹೋಗುವಷ್ಟು ಬಿರುಕು ಬಿಡುವ ಮಣ್ಣು ಅದು. ಅದರ ಮೇಲೆ ತಪ್ಪು ಲೆಕ್ಕದಲ್ಲಿ ನಿಂತ ಗೋಡೆ ಎರಡು ವರ್ಷದೊಳಗೆ ಸೀಳುತ್ತದೆ. ಹುಡುಗನಿಗೆ ಸಿಟ್ಟು ಬಂತು. ಯಂತ್ರವೇ ಮೋಸ ಎಂದ. ಅಲ್ಲಿಗೆ ನಿಲ್ಲದೆ, ಯಜಮಾನರಿಗೂ ಇದು ಗೊತ್ತಿತ್ತು, ಸಂಚಕಾರ ತಿರುಗಿ ಕೇಳೋಣ, ಕೊಡದಿದ್ದರೆ ಪೇಟೆಯಲ್ಲಿ ನಾಲ್ಕು ಜನರ ಮುಂದೆ ಹೇಳೋಣ ಎಂದ. "ತಮ್ಮಾ, ಅವರು ನಮ್ಮ ಮುಂದ ಹೇಳಿದ್ರು. ನಾವು ಕೇಳಲಿಲ್ಲ. ಒಂದು ವಾರ ತಡಿ" ಎಂದೆವು. ಯಂತ್ರ ಏಕೆ ತಪ್ಪಿತು ಎಂದು ತಿಳಿಯದೆ ಯಾರನ್ನೂ ದೂರುವುದು ಸರಿಯಲ್ಲ ಎಂದು ನಮ್ಮ ಮನಸ್ಸಿಗೆ ಬಂದಿತ್ತು.

ಪರಿಚಯದವರೊಬ್ಬರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಕಾಗದ ಹಿಡಿದು ಅವರಲ್ಲಿಗೆ ಹೋದೆವು. ಅವರು ಕಾಗದ ನೋಡುವ ಮೊದಲೇ ಎರಡು ಪ್ರಶ್ನೆ ಕೇಳಿದರು. ಮಣ್ಣು ಯಾವುದು? ಯಂತ್ರ ಓಡಿಸುವ ಮೊದಲು ಗೊತ್ತಿದ್ದ ಆಳದಲ್ಲಿ ಕಬ್ಬಿಣದ ತಗಡು ಹೂತು ನೋಡಿದರೇ? ಎರಡನೆಯದಕ್ಕೆ ನಾವು ಇಲ್ಲವೆಂದೆವು. ಮೊದಲನೆಯದಕ್ಕೆ ಎರೆ ಎಂದಾಗ ಅವರು ನಕ್ಕರು. ಮ್ಯಾಟ್ರಿಕ್‌ವರೆಗೆ ಓದಿದ ನಮಗೆ ತಿಳಿಯುವಂತೆ ಅವರು ಹೇಳಿದ್ದನ್ನೂ, ಆಮೇಲೆ ನಾವು ಓದಿ ತಿಳಿದದ್ದನ್ನೂ ಕೂಡಿಸಿ ಬರೆಯುತ್ತೇವೆ.

ಈ ಯಂತ್ರದ ಹೆಸರು ಗ್ರೌಂಡ್ ಪೆನಿಟ್ರೇಟಿಂಗ್ ರಾಡಾರ್. ಚಿಕ್ಕದಾಗಿ ಜಿ.ಪಿ.ಆರ್. ಅನ್ನುತ್ತಾರೆ. ವಿಮಾನ ಎಲ್ಲಿದೆ ಎಂದು ಆಕಾಶದಲ್ಲಿ ಹುಡುಕುವ ರಾಡಾರಿನ ನೆಲದ ತಮ್ಮ. ಪೆಟ್ಟಿಗೆಯಿಂದ ರೇಡಿಯೋ ಅಲೆಗಳು ನೆಲದೊಳಗೆ ಹೋಗುತ್ತವೆ. ಒಂದು ಬಗೆಯ ಮಣ್ಣು ಮುಗಿದು ಇನ್ನೊಂದು ಬಗೆಯದು ಶುರುವಾಗುವ ಗಡಿಯಲ್ಲಿ ಅಲೆಯ ಸ್ವಲ್ಪ ಭಾಗ ಹಿಂದಕ್ಕೆ ಬರುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ಬಾವಿಯಲ್ಲಿ ಬಗ್ಗಿ ಕೂಗಿದರೆ ದನಿ ತಿರುಗಿ ಬರುವಂತೆ. ಹೋದ ಅಲೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನು ಯಂತ್ರ ಬರೆದುಕೊಳ್ಳುತ್ತದೆ. ಗಾಡಿ ಮುಂದೆ ಸರಿದಂತೆ ಈ ಲೆಕ್ಕಗಳು ಪಕ್ಕಪಕ್ಕದಲ್ಲಿ ನಿಂತು ಪದರಿನ ಚಿತ್ರವಾಗುತ್ತದೆ.

ಇಲ್ಲಿ ಒಂದು ಮುಖ್ಯ ಮಾತು. ಯಂತ್ರ ಅಳೆಯುವುದು ಹೊತ್ತನ್ನು. ಆಳವನ್ನು ಅದು ಅಳೆಯುವುದಿಲ್ಲ. ಹೊತ್ತನ್ನು ಅಡಿಗೆ ತಿರುಗಿಸಬೇಕಾದರೆ ಅಲೆಯ ವೇಗ ಗೊತ್ತಿರಬೇಕು. ಆ ವೇಗ ಒಂದೊಂದು ಮಣ್ಣಿನಲ್ಲಿ ಒಂದೊಂದು. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲಿಗೆ ನ್ಯಾನೊ ಸೆಕೆಂಡ್ ಎನ್ನುತ್ತಾರೆ. ಅಷ್ಟರಲ್ಲಿ ಈ ಅಲೆ ಗಾಳಿಯಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಒಣ ಮರಳಿನಲ್ಲಿ ಸುಮಾರು 15. ಒದ್ದೆ ಜೇಡಿಮಣ್ಣಿನಲ್ಲಿ ಸುಮಾರು 6. ಬರೀ ನೀರಿನಲ್ಲಿ 3ಕ್ಕಿಂತ ಸ್ವಲ್ಪ ಹೆಚ್ಚು. ಮಣ್ಣಿನಲ್ಲಿ ನೀರು ಹೆಚ್ಚಿದಷ್ಟೂ ಅಲೆ ನಿಧಾನ.

ಈಗ ನಮ್ಮ 8 ಅಡಿಯ ಲೆಕ್ಕ ನೋಡಿರಿ. ಕಾಗದದ ಅಂಚಿನಲ್ಲಿ ಆ ಗೆರೆಯ ಎದುರು ಸುಮಾರು 32 ನ್ಯಾನೊ ಸೆಕೆಂಡ್ ಎಂದಿತ್ತು. ಹೋಗಲು 16, ಬರಲು 16. ಯಂತ್ರದವರು ಒಣ ಮರಳಿನ ವೇಗ ಹಿಡಿದು 16ನ್ನು 15ರಿಂದ ಗುಣಿಸಿದ್ದರು. 240 ಸೆಂಟಿಮೀಟರ್, ಅಂದರೆ 8 ಅಡಿಯ ಆಸುಪಾಸು. ಆದರೆ ಮಳೆಗಾಲ ಮುಗಿದು ಇನ್ನೂ ಹಸಿ ಆರದ ಎರೆಯಲ್ಲಿ ವೇಗ 6 ಎಂದು ಹಿಡಿದರೆ 96 ಸೆಂಟಿಮೀಟರ್. ಅಂದರೆ 3 ಅಡಿಗಿಂತ ಒಂದು ಬೆರಳು ಹೆಚ್ಚು. ಗುಂಡಿಯಲ್ಲಿ ಸುಣ್ಣದ ಹರಳಿನ ಪದರು ಸಿಕ್ಕಿದ್ದು ಅಲ್ಲಿಯೇ. ಯಂತ್ರ ಇದ್ದದ್ದನ್ನೇ ಕಂಡಿತ್ತು. ಅದನ್ನು ಕಲ್ಲೆಂದು ಕರೆದು 8 ಅಡಿಗೆ ಇಳಿಸಿದವರು ಮನುಷ್ಯರು. ಒಂದು ಗಿರಾಕಿಯ ದರದಲ್ಲಿ ಇನ್ನೊಬ್ಬರ ಮಾಲಿನ ಬಿಲ್ಲು ಬರೆದಂತಾಗಿತ್ತು.

ಹಾಗಾದರೆ 13 ಅಡಿಯ ಮುರುಮು ಏಕೆ ಕಾಣಲಿಲ್ಲ ಎಂದು ನಾವು ಕೇಳಿದೆವು. ಅದಕ್ಕೆ ಕಾರಣ ನಮ್ಮ ಮಣ್ಣಿನ ಗುಣ. ಕರಿಗಲ್ಲು ಸವೆದು ಆದ ಎರೆಯಲ್ಲಿ ಬಹಳ ನಯವಾದ, ನೀರು ಹೀರಿ ಹಿಗ್ಗುವ ಜೇಡಿ ಇರುತ್ತದೆ. ನೀರನ್ನು ಹಿಡಿದಿಟ್ಟುಕೊಂಡ ಈ ಜೇಡಿಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ. ವಿದ್ಯುತ್ತು ಹರಿಯುವಲ್ಲಿ ರೇಡಿಯೋ ಅಲೆಯ ಶಕ್ತಿ ದಾರಿಯಲ್ಲೇ ಇಂಗಿ ಹೋಗುತ್ತದೆ. ಇಂತಹ ಮಣ್ಣಿನಲ್ಲಿ ರಾಡಾರಿಗೆ ಒಂದು ಮೀಟರು ಕಾಣುವುದೂ ಕಷ್ಟ. ಉಪ್ಪು ಹಿಡಿದ ನೆಲದಲ್ಲಿ ಇನ್ನೂ ಕಷ್ಟ. ಯಂತ್ರದ ದನಿ ಎತ್ತರಿಸಿದರೆ ಪರದೆಯಲ್ಲಿ ಇನ್ನಷ್ಟು ಗೆರೆ ಮೂಡುತ್ತವೆ, ಆದರೆ ಅವುಗಳಲ್ಲಿ ಬಹಳಷ್ಟು ಬರೀ ಗದ್ದಲ. ಹಳೆಯ ರೇಡಿಯೋದಲ್ಲಿ ಸ್ಟೇಷನ್ ಸಿಗದಾಗ ವಾಲ್ಯೂಮ್ ತಿರುವಿದರೆ ಗೊರಗೊರ ಸಪ್ಪಳವೇ ಹೆಚ್ಚಾಗುತ್ತಿತ್ತಲ್ಲ, ಹಾಗೆ.

ಇಷ್ಟು ಕೇಳಿ, ಯಂತ್ರ ಉಪಯೋಗವಿಲ್ಲದ್ದು ಎಂದುಕೊಳ್ಳಬೇಡಿರಿ. ಅದು ತನಗೆ ಸರಿಹೊಂದುವ ನೆಲದಲ್ಲಿ ಮಾಡಿದ ಕೆಲಸ ದೊಡ್ಡದು. 1929ರಲ್ಲಿ ಆಸ್ಟ್ರಿಯ ದೇಶದ ಹಿಮನದಿಯೊಂದರ ಮಂಜುಗಡ್ಡೆ ಎಷ್ಟು ದಪ್ಪವಿದೆ ಎಂದು ಸ್ಟರ್ನ್ ಎಂಬವರು ರೇಡಿಯೋ ಅಲೆಯಿಂದ ಅಳೆದರು. ಮಣ್ಣಿನ ಪದರು ನೋಡಲು ಇದನ್ನು ದೊಡ್ಡ ರೀತಿಯಲ್ಲಿ ಬಳಸಿದವರು ಅಮೆರಿಕದ ಕೃಷಿ ಇಲಾಖೆಯವರು. ಆ ದೇಶದ ಫ್ಲೋರಿಡಾ ರಾಜ್ಯದ ನೆಲ ಬಹುಪಾಲು ಮರಳು. ಮರಳಿನ ಕೆಳಗೆ ಎಲ್ಲೋ ಜೇಡಿಯ ಪದರಿರುತ್ತದೆ. ಅದು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ನೀರು ನಿಲ್ಲುವುದೋ ಇಂಗುವುದೋ, ಯಾವ ಬೆಳೆ ಬರುವುದು, ಎಲ್ಲಿ ಮನೆ ಕಟ್ಟಬಹುದು ಎಂಬುದೆಲ್ಲ ನಿಂತಿದೆ. ಮೊದಲು ಮಣ್ಣಿನ ಸರ್ವೆಯವರು ಕೈಬೈರಿಗೆಯಿಂದ ಅಲ್ಲೊಂದು ಇಲ್ಲೊಂದು ತೂತು ಕೊರೆದು ನೋಡುತ್ತಿದ್ದರು. ಎರಡು ತೂತುಗಳ ನಡುವೆ ಏನಿದೆ ಎಂಬುದು ಊಹೆ. 1979ರಲ್ಲಿ ಅಲ್ಲಿ ರಾಡಾರ್ ಎಳೆದು ನೋಡಿದಾಗ ಆ ನಡುವಿನ ಜಾಗವೂ ಗೆರೆಯಾಗಿ ಕಂಡಿತು. ಜೇಡಿಯ ಪದರು ಎಲ್ಲಿ ಮೇಲೆ ಬಂದಿದೆ, ಎಲ್ಲಿ ಕೆಳಗಿಳಿದಿದೆ ಎಂದು ತಿಳಿಯಿತು.

ಫ್ಲೋರಿಡಾದವರು 1989ರಲ್ಲಿ ತಮ್ಮ ರಾಜ್ಯದ ಮಣ್ಣು ಎಂದು ಕಾನೂನಿನಿಂದ ಒಪ್ಪಿಕೊಂಡ ಮಯಾಕ ಎಂಬ ಮಣ್ಣಿದೆ. ಮೇಲೆ ಬೂದು ಬಿಳುಪು ಮರಳು, ಸುಮಾರು ಎರಡು ಅಡಿ ಕೆಳಗೆ ಕೊಳೆತ ಎಲೆ ಬೇರುಗಳ ಸತ್ವ ಇಳಿದು ನಿಂತ ಕಪ್ಪು ಪದರು. ಇಂತಹ ಮಣ್ಣಿನಲ್ಲಿ ಆ ಕಪ್ಪು ಪದರು ರಾಡಾರಿಗೆ ಚೆನ್ನಾಗಿ ಸಿಗುತ್ತದೆ. ಆದರೆ ಅಲ್ಲಿಯವರು ರಾಡಾರ್ ಬಂತೆಂದು ಬೈರಿಗೆಯನ್ನು ಅಟ್ಟಕ್ಕೆ ಹಾಕಲಿಲ್ಲ. ಗೊತ್ತಿದ್ದ ಆಳದಲ್ಲಿ ಲೋಹದ ತಗಡು ಹೂತು, ಅದರ ಮೇಲೆ ಯಂತ್ರ ಓಡಿಸಿ, ಈ ಜಾಗದಲ್ಲಿ ಇವತ್ತಿನ ಹಸಿಯಲ್ಲಿ ಅಲೆಯ ವೇಗ ಎಷ್ಟು ಎಂದು ಕಂಡುಹಿಡಿಯುತ್ತಾರೆ. ಆಮೇಲೆ ಗೆರೆಯ ಮೇಲೆ ಅಲ್ಲಲ್ಲಿ ಕೊರೆದು ತಾಳೆ ನೋಡುತ್ತಾರೆ. ಮುದ್ರೆ ಹಾಕಿದ ತೂಕದ ಕಲ್ಲಿಟ್ಟು ತಕ್ಕಡಿ ಪರೀಕ್ಷಿಸಿದ ಮೇಲೆ ಮಾಲು ತೂಗುವ ನಮ್ಮ ಪದ್ಧತಿಗೂ ಇದಕ್ಕೂ ಏನು ವ್ಯತ್ಯಾಸ?

ಅಷ್ಟೇ ಅಲ್ಲ. ಯಾವ ಮಣ್ಣಿನಲ್ಲಿ ಈ ಯಂತ್ರ ನಡೆಯುತ್ತದೆ, ಯಾವುದರಲ್ಲಿ ನಡೆಯುವುದಿಲ್ಲ ಎಂದು ಆ ಇಲಾಖೆಯವರೇ ಇಡೀ ದೇಶದ ನಕಾಶೆ ಮಾಡಿದರು. ಡೂಲಿಟಲ್ ಎಂಬ ಮಣ್ಣಿನ ವಿಜ್ಞಾನಿ ಮತ್ತು ಅವರ ಜೊತೆಗಾರರು ಅದನ್ನು 2007ರಲ್ಲಿ ಪ್ರಕಟಿಸಿದರು. ಜೇಡಿ ಎಷ್ಟು, ಉಪ್ಪು ಎಷ್ಟು ಎಂದು ಲೆಕ್ಕ ಹಾಕಿ ಜಾಗಗಳನ್ನು ಒಳ್ಳೆಯದು, ಸಾಧಾರಣ, ಪ್ರಯೋಜನವಿಲ್ಲ ಎಂದು ವಿಂಗಡಿಸಿದ್ದಾರೆ. ತಮ್ಮ ಯಂತ್ರ ಎಲ್ಲಿ ಕುರುಡು ಎಂದು ತಾವೇ ಅಚ್ಚು ಹಾಕಿಸಿದ ಆ ಜನರ ಬಗ್ಗೆ ನಮಗೆ ಗೌರವ ಮೂಡಿತು.

ಇನ್ನೊಂದು ಸೋಜಿಗ ಕೇಳಿರಿ. 2019ರ ಜನವರಿ 3ರಂದು ಚೀನಾದವರ ಚಾಂಗ್‌ಎ-4 ಚಂದ್ರನ ಆಚೆಯ ಮಗ್ಗುಲಿನಲ್ಲಿ, ನಮಗೆ ಎಂದೂ ಕಾಣದ ಭಾಗದಲ್ಲಿ ಇಳಿಯಿತು. ಅದರ ಪುಟ್ಟ ಗಾಡಿ ಯೂಟು-2 ಇಂತಹದೇ ರಾಡಾರ್ ಹೊತ್ತು ಅಲ್ಲಿ ಓಡಾಡಿ, 40 ಮೀಟರ್ ಆಳದವರೆಗೆ ಮಣ್ಣು ಮತ್ತು ಕಲ್ಲಿನ ಪದರುಗಳನ್ನು ತೋರಿಸಿತು. ಆ ಫಲ 2020ರಲ್ಲಿ ಪ್ರಕಟವಾಯಿತು. 2021ರ ಫೆಬ್ರವರಿಯಲ್ಲಿ ಮಂಗಳ ಗ್ರಹಕ್ಕೆ ಇಳಿದ ಅಮೆರಿಕದ ಪರ್ಸಿವಿಯರೆನ್ಸ್ ಗಾಡಿಯಲ್ಲಿಯೂ ನೆಲದೊಳಗೆ ನೋಡುವ ರಾಡಾರ್ ಇದೆ. ಚಂದ್ರನಲ್ಲಿ 130 ಅಡಿ ಕಂಡದ್ದು ಅಕ್ಕಲಕೋಟೆಯಲ್ಲಿ 13 ಅಡಿ ಕಾಣಲಿಲ್ಲ. ಚಂದ್ರನ ಮಣ್ಣು ಹುರಿದಷ್ಟು ಒಣ. ನಮ್ಮ ಎರೆ ಮಳೆಯ ನೀರನ್ನು ಹಿಂಗಾರಿ ಜೋಳಕ್ಕಾಗಿ ಹೊಟ್ಟೆಯಲ್ಲಿ ಇಟ್ಟುಕೊಂಡ ಮಣ್ಣು. ರಾಡಾರಿಗೆ ತೊಡಕಾದ ಅದೇ ಗುಣದಿಂದ ನಮ್ಮ ಸೀಮೆ ಜೋಳ ಉಣ್ಣುತ್ತದೆ.

ಕತೆಗೆ ಮರಳೋಣ. ಒಂದು ವಾರವಾದ ಮೇಲೆ ಹುಡುಗನನ್ನು ಕೂಡಿಸಿಕೊಂಡು ಈ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬಿಡಿಸಿ ತೋರಿಸಿದೆವು. 16ನ್ನು 6ರಿಂದ ಅವನೇ ಗುಣಿಸಿದ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಡೀರಿ ಕಾಕಾ, ಅವರ ಮನಿಗೆ ಹೋಗಿ ಬರೂಣು" ಎಂದ. ಯಜಮಾನರು ಕಟ್ಟೆಯ ಮೇಲೆ ಕುಳಿತಿದ್ದರು. ಗುಂಡಿಯ ಸುದ್ದಿ ಅವರಿಗೆ ಆಗಲೇ ಮುಟ್ಟಿತ್ತು. ಸಂಚಕಾರ ಕೇಳಲು ಬಂದೆವೆಂದೇ ತಿಳಿದಿರಬೇಕು. ನಾವು, "ಯಜಮಾನ್ರ, ನೀವು ಹೇಳಿದ್ದು ಖರೆ ಆಯಿತು. ಸೌದಾ ಮುರಿಯಾಕ ಬಂದಿಲ್ಲ" ಎಂದೆವು. ಅವರು ಸ್ವಲ್ಪ ಸುಮ್ಮನಿದ್ದು, "ನಾ ಹೇಳಿದ್ನೆರಿ. ನೀವು ಕಾಗದ ಬರ್ಲಿ ನೋಡೂಣು ಅಂದ್ರಿ. ಓದಿದವರ ಮುಂದ ನಾ ಏನ್ ಮಾತಾಡ್ಲಿ ಅಂತ ಸುಮ್ಮನಾದೆ" ಎಂದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಐವತ್ತು ವರ್ಷ ನೇಗಿಲು ಹೂಡಿ, ಬಾವಿ ತೋಡಿಸಿ, ಆ ನೆಲದ ಪದರನ್ನು ಕಣ್ಣಾರೆ ಕಂಡವರನ್ನು ನಾವು ಒಂದು ಹಾಳೆಯ ಮುಂದೆ ಬಾಯಿ ಮುಚ್ಚಿಸಿದ್ದೆವು.

ಖರೀದಿ ಮೊದಲಿನ ದರಕ್ಕೇ ಆಯಿತು. ಎರೆಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಪಿಸಿಕೊಟ್ಟ ಒಂದು ಪಾಯದ ಪದ್ಧತಿ ಇದೆ. ಕಂಬದ ತೂತನ್ನು ಮಣ್ಣು ಉಬ್ಬಿ ಕುಗ್ಗುವ ಆಳವನ್ನು ದಾಟಿಸಿ ಕೊರೆದು, ಬುಡದಲ್ಲಿ ಗಡ್ಡೆಯಂತೆ ಅಗಲ ಮಾಡಿ ಕಾಂಕ್ರೀಟ್ ತುಂಬುತ್ತಾರೆ. ಮೇಲಿನ ಮಣ್ಣು ಉಬ್ಬಿದರೂ ಕಂಬ ಕಿತ್ತು ಬರುವುದಿಲ್ಲ. ನಮ್ಮ ಇಂಜಿನಿಯರರು ಅದೇ ರೀತಿ ಮಾಡಿಸಿದರು. ಪಾಯದ ಖರ್ಚು ಮೊದಲಿನ ಅಂದಾಜಿನ ಒಂದೂವರೆ ಪಟ್ಟಾಯಿತು. ಹೆಚ್ಚಾದ ಹಣದಲ್ಲಿ ಅರ್ಧ ನಾವು ಕೊಟ್ಟೆವು. ಹಿರಿಯರಾಗಿ ತಿಳಿಯದ ಕಾಗದಕ್ಕೆ ತಲೆದೂಗಿದ್ದು ನಮ್ಮ ತಪ್ಪು. ಗೋದಾಮು ಈಗ ಎದ್ದು ನಿಂತಿದೆ, ಗೋಡೆಯಲ್ಲಿ ಕೂದಲಿನಷ್ಟು ಸೀಳಿಲ್ಲ.

ನಮ್ಮ ವಾಚಕರು ಬೇರೆ ಬೇರೆ ಸೀಮೆಯಲ್ಲಿದ್ದೀರಿ. ಸೊಲ್ಲಾಪುರ, ಜತ್ತ, ಆದವಾನಿಯ ಕಡೆ ಎರೆ ಹೊಲಗಳು ಬಹಳ. ಅಲ್ಲಿ ಯಾರಾದರೂ ರಾಡಾರಿನಿಂದ 30 ಅಡಿ ತೋರಿಸುತ್ತೇವೆ ಎಂದರೆ ಒಂದು ಸಲ ಯೋಚಿಸಿರಿ. ಹೊಸೂರಿನಂತಹ ಕಡೆಯ ಕೆಂಪು ಮಣ್ಣಿನಲ್ಲಿಯೂ ಜೇಡಿ ಇದೆ, ಆದರೆ ಅದು ಎರೆಯ ಜೇಡಿಯಷ್ಟು ನೀರು ಹೀರುವ ಜಾತಿಯದಲ್ಲ. ಅಲ್ಲಿ ಯಂತ್ರ ಇದಕ್ಕಿಂತ ಚೆನ್ನಾಗಿ ನೋಡಬಹುದು. ಕಾಸರಗೋಡಿನ ಕಡಲ ದಂಡೆಯ ಮರಳು ರಾಡಾರಿಗೆ ಒಳ್ಳೆಯದು, ಆದರೆ ಕೆಳಗೆ ಉಪ್ಪುನೀರು ಹತ್ತಿದಲ್ಲಿ ನೋಟ ಮುಗಿಯಿತು.

ಮನೆ, ಅಂಗಡಿ, ಗೋದಾಮು ಕಟ್ಟುವ ಮೊದಲು ಇಂತಹ ಯಂತ್ರ ತರಿಸುವವರು ನಾಲ್ಕು ಮಾತು ಕೇಳಿಕೊಳ್ಳಬೇಕು. ನಮ್ಮ ಮಣ್ಣು ಯಾವುದು, ಅದರಲ್ಲಿ ಇದು ಎಷ್ಟು ಅಡಿ ನೋಡಬಲ್ಲದು? ಯಾವ ಪೆಟ್ಟಿಗೆ ತಂದಿದ್ದೀರಿ? 100 ಮೆಗಾಹರ್ಟ್ಸ್‌ನಂತಹ ಕಡಿಮೆ ಅಂಕಿಯದು ಆಳಕ್ಕೆ ಹೋಗುತ್ತದೆ, ಆದರೆ ದಪ್ಪ ಪದರುಗಳನ್ನಷ್ಟೇ ಗುರುತಿಸುತ್ತದೆ. 900 ಮೆಗಾಹರ್ಟ್ಸ್‌ನಂತಹದು ಸೂಕ್ಷ್ಮವಾಗಿ ತೋರಿಸುತ್ತದೆ, ಆದರೆ ಮೇಲುಮೇಲಿನದನ್ನು ಮಾತ್ರ. ಎರಡೂ ಒಂದರಲ್ಲೇ ಸಿಗುವುದಿಲ್ಲ. ಅಲೆಯ ವೇಗವನ್ನು ಈ ಜಾಗದಲ್ಲಿ ತಗಡು ಹೂತು ಅಳೆದಿರೋ, ಅಂದಾಜಿಗೆ ಹಿಡಿದಿರೋ? ಕೊನೆಯದಾಗಿ, ಒಂದೆರಡು ಕಡೆ ಗುಂಡಿ ತೋಡಿ ತಾಳೆ ನೋಡಲು ಒಪ್ಪುವಿರಾ? ತಿಳಿದವರು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುತ್ತಾರೆ. ಬೇಸರ ಮಾಡಿಕೊಳ್ಳುವವರಿಗೆ ಚಹಾ ಕುಡಿಸಿ ಕಳಿಸಿರಿ.

ಇದರ ಜೊತೆಗೆ ಐದನೆಯ ಮಾತೊಂದಿದೆ. ಅದನ್ನು ಯಂತ್ರದವರನ್ನು ಕೇಳಬೇಕಿಲ್ಲ. ಆ ನೆಲದಲ್ಲಿ ಬೆವರು ಸುರಿಸಿದ ಹಿರಿಯರು ಪಕ್ಕದಲ್ಲಿಯೇ ನಿಂತಿರುತ್ತಾರೆ. ಕಾಗದ ಬಿಚ್ಚುವ ಮೊದಲು ಅವರ ಮುಂದೆ ಕುಳಿತು, "ನೀವು ಇಲ್ಲಿ ಬಾವಿ ತೋಡಿದಾಗ ಏನು ಕಂಡಿರಿ?" ಎಂದು ಕೇಳಿರಿ. ಅವರು ಹೇಳಿದ್ದನ್ನು ಅದೇ ಕಾಗದದ ಅಂಚಿನಲ್ಲಿ ಬರೆದಿಟ್ಟುಕೊಳ್ಳಿರಿ. ಎರಡೂ ಕೂಡಿದರೆ ಸರಿ, ಕೂಡದಿದ್ದರೆ ಗುದ್ದಲಿ ಇದ್ದೇ ಇದೆ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.